ನೀರಿನ ಊರು ಕೇಳುವ ಕೆಲಸ

ಖಾಲಿ ಬಾಟಲಿ ಹಿಡಿದು ಕಂಡವರ ಮನೆ ಗೇಟು ತಟ್ಟೋದೇ ನನ್ನ ಕೆಲಸ. ಹಾಗಾಗಿ ವಾರಕ್ಕೊಂದಾದರೂ ನಗೆ ಬರಿಸುವ ಪ್ರಸಂಗ ಆಗದೆ ಇರೋದಿಲ್ಲ. ಭೂಮಿಯೊಳಗಿನ ನೀರು ಎಲ್ಲಿಂದ ಬಂತು, ಯಾವ ಕಾಲದ್ದು, ಎತ್ತ ಹರಿದು ಹೋಗ್ತಿದೆ ಅಂತ ಪತ್ತೆ ಮಾಡುವ ಒಂದು ಪ್ರಯೋಗಾಲಯದಲ್ಲಿ ನಾನಿದ್ದೀನಿ. ನೀರಿನಲ್ಲೂ ಹಗುರದ್ದು, ತೂಕದ್ದು ಅಂತ ಇದೆ. ಎಲ್ಲ ನೀರಲ್ಲೂ ಎರಡೂ ಬೆರೆತಿರುತ್ತವೆ. ಆದರೆ ನಮ್ಮೂರಿನ ಮೇಲೆ ಬಿದ್ದ ಮಳೆಯಲ್ಲಿ ಅವು ಬೆರೆತಿರುವ ಪ್ರಮಾಣ ಒಂದು, ಅಣೆಕಟ್ಟಿನಲ್ಲಿ ಬಿಸಿಲು ಕಾಯಿಸಿಕೊಂಡು ಪೈಪಿನಲ್ಲಿ ಬಂದ ಕಾವೇರಿಯಲ್ಲಿ ಇನ್ನೊಂದು. ಅದನ್ನೂ, ಅದರಲ್ಲಿ ಕರಗಿರುವ ಉಪ್ಪನ್ನೂ ಅಳೆದರೆ ನೀರು ತನ್ನ ಊರು ತಾನೇ ಹೇಳಿಬಿಡುತ್ತದೆ. ಅಳೆಯೋದು ಮಿಷನ್. ಅದು ಹೇಳಿದ್ದನ್ನು ಅರ್ಥ ಮಾಡಿಕೊಳ್ಳೋದು ನಮ್ಮ ಮೇಡಂ. ಜಯನಗರ, ಜೆ.ಪಿ. ನಗರ, ಬನಶಂಕರಿ ಅಂತ ಸ್ಕೂಟರಿನಲ್ಲಿ ಸುತ್ತಿ ನೀರು ತರೋದು ನಾನು.

ನಾನು ಗದಗ ಕಡೆಯವಳು. ಚಿಕ್ಕಂದಿನಲ್ಲಿ ದಿನಾ ಕೊಡ ಹೊತ್ತು ಹೊತ್ತು ಸಾಕಾಗಿ, ಈ ಕೆಲಸ ಒಂದು ತಪ್ಪಿದರೆ ಸಾಕು ಅಂತಲೇ ಹಟ ಹಿಡಿದು ಎಂ.ಎಸ್ಸಿ. ಮಾಡಿದವಳು. ಮಗಳಿಗೆ ಬೆಂಗಳೂರಲ್ಲಿ ಏನು ಕೆಲಸ ಅಂತ ಯಾರಾದರೂ ಕೇಳಿದರೆ ನಮ್ಮವ್ವ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಾಳೆ:

"ನೀರು ತುಂಬತಾಳ್ರಿ."

ಬಂದವರಿಗೆ ಬೋರ್ ನೀರೇ?

ಜಯನಗರದಲ್ಲಿ ಒಂದು ಹಳೇ ಮನೆ. ಮನೆಯ ಹಿರಿಯರು ನಿವೃತ್ತ ಹೆಡ್‌ಮಿಸ್. ಹಿತ್ತಲಲ್ಲಿ ಬೋರ್‌ವೆಲ್ ಇತ್ತು. ಮೋಟಾರು ಹಾಕಿ ಹದಿನೈದು ನಿಮಿಷ ನೀರು ಸುಮ್ಮನೆ ಹೋಗಲು ಬಿಡಬೇಕು, ಪೈಪಿನಲ್ಲಿ ನಿಂತದ್ದೆಲ್ಲ ಖಾಲಿಯಾಗಿ ಹೊಸ ನೀರು ಬರಬೇಕು, ಆಮೇಲೆ ಒಂದು ಗುಳ್ಳೆಯೂ ಇರದ ಹಾಗೆ ಬಾಟಲಿ ತುಂಬಬೇಕು ಅಂತ ವಿವರಿಸಿದೆ. ಅವರು ಹೋಂವರ್ಕ್ ಒಪ್ಪಿಸಿಕೊಳ್ಳುವವರ ಹಾಗೆ ಕೈಕಟ್ಟಿ ಕೇಳಿಸಿಕೊಂಡು, ಆಗಲಿ ಅಂದರು.

ಬಾಟಲಿ ತುಂಬಿ ಜಗಲಿ ಮೇಲಿಟ್ಟೆ. ಅಷ್ಟರಲ್ಲಿ ನನ್ನ ಸ್ಕೂಟರ್ ಅಡ್ಡ ಇದೆ ಅಂತ ಪಕ್ಕದ ಮನೆಯವರು ಹಾರ್ನ್ ಹೊಡೆಯತೊಡಗಿದರು. ಹೋಗಿ ಗಾಡಿ ಸರಿಸಿ ಬಂದೆ. ಬಾಟಲಿ ಅಲ್ಲೇ ಇತ್ತು, ಬಟ್ಟೆಯಲ್ಲಿ ಒರೆಸಿ ಥಳಥಳ ಮಾಡಿದ್ದರು. ಎಷ್ಟು ಶಿಸ್ತಿನವರು ಅಂದುಕೊಂಡು ಕೈಮುಗಿದು ಹೊರಟೆ.

ಮೂರು ದಿನ ಬಿಟ್ಟು ಮೇಡಂ ಕರೆದರು. ಅವರು ಮಾತಾಡೋದೇ ಕಮ್ಮಿ. ಕಂಪ್ಯೂಟರ್ ಪರದೆ ತೋರಿಸಿ, ಇದು ಯಾವ ಕೆರೆ ನೀರು ಅಂತ ಕೇಳಿದರು. ಕೆರೆಯಲ್ಲ, ಜಯನಗರದ ಬೋರ್ ಅಂದೆ. ಬೋರ್ ನೀರು ಇಷ್ಟು ತೂಕ ಇರೋದಿಲ್ಲ, ಇದರಲ್ಲಿದ್ದ ಹಗುರದ್ದು ಒಂದಷ್ಟು ಆವಿಯಾಗಿ ಹೋಗಿದೆ ಅಂದರು. "ಒಂದೋ ಇದು ಬಿಸಿಲಲ್ಲಿ ಬಿದ್ದಿತ್ತು, ಇಲ್ಲ ಒಲೆ ಮೇಲೆ ಕೂತಿತ್ತು."

ನನಗೆ ಮುಖ ಎತ್ತೋಕಾಗಲಿಲ್ಲ. ಒಂದು ಬಾಟಲಿ ಕೆಟ್ಟರೆ ನಾನು ತಂದ ಉಳಿದ ಬಾಟಲಿಗಳನ್ನೂ ಯಾರೂ ನಂಬೋದಿಲ್ಲ. ಅವತ್ತೇ ಜಯನಗರಕ್ಕೆ ಓಡಿದೆ. ಹೆಡ್‌ಮಿಸ್ ಒಂಚೂರೂ ತಡವರಿಸದೆ ಒಪ್ಪಿಕೊಂಡರು. ನಾನು ಗಾಡಿ ಸರಿಸಲು ಹೋದಾಗ ಆ ಬೋರ್ ನೀರನ್ನು ದಾಸವಾಳದ ಗಿಡಕ್ಕೆ ಸುರಿದು, ಬೆಳಗ್ಗೆ ತಾವೇ ಇಪ್ಪತ್ತು ನಿಮಿಷ ಕುದಿಸಿ ಆರಿಸಿಟ್ಟ ನೀರನ್ನು ಗುಳ್ಳೆ ಇರದ ಹಾಗೆ ತುಂಬಿದ್ದರಂತೆ. ಮನೆಗೆ ಬಂದ ಹೆಣ್ಣುಮಗಳಿಗೆ ಬೋರ್ ನೀರು ಕೊಟ್ಟು ಕಳಿಸಿದರು ಅನ್ನೋ ಮಾತು ತಮಗೆ ಬೇಡ ಅಂದರು.

ಸರಿ, ಮತ್ತೆ ಮೋಟಾರು ಹಾಕಿದೆವು. ಈ ಸಲ ನಾನು ಬಾಟಲಿ ಬಿಟ್ಟು ಅಲ್ಲಾಡಲಿಲ್ಲ. ಹೊರಡುವ ಹೊತ್ತಿಗೆ ಅವರಿಗೆ ಒಂದು ಸಂಶಯ ಬಂತು. ಕುದಿಸಿದ್ದು ನಿಮಗೆ ಹೇಗೆ ಗೊತ್ತಾಯ್ತು ಅಂದರು. ಎಷ್ಟು ಕುದಿದರೆ ಎಷ್ಟು ತೂಕ ಏರುತ್ತದೆ ಅಂತ ಮಿಷನ್ ತೋರಿಸುತ್ತದೆ ಅಂದೆ. ಅವರು ಅಡುಗೆಮನೆ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು.

"ನಮ್ಮ ಸೊಸೆ ದಿನಾ ನೀರು ಕುದಿಸ್ತೀನಿ ಅಂತಾಳೆ. ಬರೀ ಬಿಸಿ ಮಾಡಿ ಇಳಿಸಿಬಿಡ್ತಾಳೆ ಅಂತ ನಂಗನ್ಸತ್ತೆ. ಆ ಮಿಷನ್ ಒಂದು ವಾರದ ಮಟ್ಟಿಗೆ ಕೊಡ್ತೀರಾ?"

ಮಹಡಿ ಮೇಲಿನ ಬಾಂಬು

ನಾನು ಬಾಡಿಗೆಗಿರೋದು ಬಿ.ಟಿ.ಎಂ. ಲೇಔಟಿನಲ್ಲಿ. ಕೆಳಗೆ ಮಾಲೀಕರು, ಮೇಲೆ ನಾನು. ಒಂದು ಶನಿವಾರ ಬನಶಂಕರಿ ಕಡೆ ನೀರು ತುಂಬಿಕೊಂಡು ಬರುವಷ್ಟರಲ್ಲಿ ಪ್ರಯೋಗಾಲಯದ ಬಾಗಿಲು ಹಾಕಿತ್ತು. ಬಾಟಲಿಗಳ ಕ್ರೇಟನ್ನು ಮನೆಗೇ ತಂದು ಮಹಡಿ ಮೆಟ್ಟಿಲ ಹತ್ತಿರ ನೆರಳಲ್ಲಿಟ್ಟೆ. ಕ್ರೇಟಿನ ಮೇಲೆ "ಐಸೋಟೋಪ್ ಸ್ಯಾಂಪಲ್, ಮುಟ್ಟಬೇಡಿ" ಅಂತ ಚೀಟಿ ಅಂಟಿಸಿತ್ತು. ಅದನ್ನು ಅಂಟಿಸಿದವಳೂ ನಾನೇ.

ಭಾನುವಾರ ಬೆಳಗ್ಗೆ ಅಂಕಲ್ಲೂ ಆಂಟಿಯೂ ಮೇಲೆ ಬಂದರು. ಅಂಕಲ್ ಕೈಯಲ್ಲಿ ಮೊಬೈಲು. ಐಸೋಟೋಪು ಅಂದರೇನು ಅಂತ ಅದರಲ್ಲಿ ಹುಡುಕಿದ್ದರಂತೆ, ಹುಡುಕಿದಷ್ಟೂ ಬಾಂಬೇ ಬಂತಂತೆ. ನೀನು ಒಳ್ಳೆ ಹುಡುಗಿ, ನಮಗೇನೂ ಬೇಜಾರಿಲ್ಲ, ಆದರೆ ತಿಂಗಳೊಳಗೆ ಬೇರೆ ಮನೆ ನೋಡ್ಕೋ ಅಂದರು. ಈ ಊರಲ್ಲಿ ನಲವತ್ತು ದಾಟಿದ ಒಂಟಿ ಹೆಂಗಸಿಗೆ ಮನೆ ಸಿಗೋದು ಎಷ್ಟು ಕಷ್ಟ ಅನ್ನೋದು ನನಗೆ ಗೊತ್ತು.

ಕೂರಿಸಿ, ಚಹಾ ಕೊಟ್ಟು ತಿಳಿಸಿ ಹೇಳಿದೆ. ಇದು ಬಾಂಬಿನ ಸಾಮಾನಲ್ಲ, ನೀರೊಳಗೇ ಇರುವ ಸ್ವಲ್ಪ ಹೆಚ್ಚು ತೂಕದ ನೀರು, ಯಾರಿಗೂ ಏನೂ ಮಾಡೋದಿಲ್ಲ, ನಿಮ್ಮ ಅಂಗಳದ ಸಂಪಿನ ನೀರಿನಲ್ಲೂ ಇದೆ ಅಂದೆ. ಅದೇ ತಪ್ಪಾಯಿತು. ಇಬ್ಬರೂ ಎದ್ದುನಿಂತು ಮಹಡಿಯಿಂದ ಸಂಪಿನ ಮುಚ್ಚಳ ನೋಡಿದರು. ಹಾಗಾದರೆ ಇವತ್ತಿಂದ ಕ್ಯಾನ್ ನೀರು ತರಿಸೋಣ ಅಂದರು ಆಂಟಿ. ಅದರಲ್ಲೂ ಇದೆ ಅಂದೆ. ಎಳನೀರು ಅಂದರು. ಅದರಲ್ಲೂ ಇದೆ. ಹಾಲು, ಮಜ್ಜಿಗೆ, ತೀರ್ಥ ಎಲ್ಲ ಕೇಳಿದರು. ಎಲ್ಲದರಲ್ಲೂ ಇದೆ ಅಂತ ನಾನೂ ಒಂದೊಂದಕ್ಕೂ ಉತ್ತರ ಕೊಟ್ಟೆ. ಆಂಟಿ ಹಣೆಗೆ ಕೈ ಹಚ್ಚಿಕೊಂಡು, ಒಲೆ ಮೇಲೆ ಸಾರಿದೆ ಅಂತ ಕೆಳಗಿಳಿದು ಹೋದರು.

ಅವರ ಹೆಜ್ಜೆ ಸದ್ದು ನಿಲ್ಲುವವರೆಗೆ ಕಾದು ಅಂಕಲ್ ನನ್ನ ಕಡೆ ಬಗ್ಗಿದರು.

"ಬಿಯರಲ್ಲಿ?"

"ಅದರಾಗೂ ಅದ ಅಂಕಲ್," ಅಂದೆ. ಗಾಬರಿಯಾದಾಗ ನನ್ನ ಬಾಯಲ್ಲಿ ಗದಗವೇ ಬರೋದು.

ಅವರು ಉಸಿರು ಬಿಟ್ಟು, ಮೊಬೈಲು ಜೇಬಿಗಿಟ್ಟು, ಕ್ರೇಟನ್ನು ತಾವೇ ಎತ್ತಿ ಇನ್ನೂ ನೆರಳಿಗೆ ಸರಿಸಿದರು.

"ಹಾಗಾದ್ರೆ ಏನೂ ಅಪಾಯ ಇಲ್ಲ ಬಿಡಮ್ಮ. ಮೂವತ್ತು ವರ್ಷದಿಂದ ನಾನೇ ಟೆಸ್ಟ್ ಮಾಡಿದೀನಿ."

ಎಕ್ಸ್‌ಪೈರಿ ಡೇಟ್

ಉತ್ತರಹಳ್ಳಿ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ತುಂಬಾ ಆಳದ ಬೋರ್‌ವೆಲ್ ಇದೆ. ಅದರ ನೀರಿನ ವಯಸ್ಸು ನೋಡಿದೆವು. ನಮ್ಮ ಕಾಲದ ಮಳೆಯಲ್ಲಿ ಇರಲೇಬೇಕಾದ ಗುರುತು ಅದರಲ್ಲಿ ಕಾಣಲೇ ಇಲ್ಲ. ಮೇಡಂ ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿ, ಇದು ನೂರಾರು ವರ್ಷದ ಹಿಂದೆ ಬಿದ್ದ ಮಳೆ ಅಂದರು. ಅಂದರೆ ಈಗಿನ ಮಳೆ ಅಷ್ಟು ಆಳಕ್ಕೆ ಇಳೀತಾ ಇಲ್ಲ. ತೆಗೆದದ್ದು ತೆಗೆದ ಹಾಗೇ, ಮತ್ತೆ ತುಂಬೋದಿಲ್ಲ. ಅಪಾರ್ಟ್‌ಮೆಂಟಿನವರೋ ಅದರಲ್ಲಿ ಎರಡು ಹೊತ್ತು ಕಾರು ತೊಳೆಸುತ್ತಿದ್ದರು, ಹುಲ್ಲಿಗೆ ಬಿಡುತ್ತಿದ್ದರು. ಹೋಗಿ ತಿಳಿಸಿ ಹೇಳು ಅಂತ ಮೇಡಂ ನನ್ನನ್ನು ಕಳಿಸಿದರು.

ಸಂಘದ ಮೀಟಿಂಗಿನಲ್ಲಿ ಮೂವತ್ತು ಜನ ಇದ್ದರು. ನಾನು ಗ್ರಾಫು ತೋರಿಸಿದೆ. ಬಂಡೆಯ ಸೀಳುಗಳ ಚಿತ್ರ ಬರೆದೆ. ಯಾರೂ ಅಲ್ಲಾಡಲಿಲ್ಲ. ಕೊನೆಗೆ ಹಿಂದಿನಿಂದ ಒಬ್ಬರು, ಅಷ್ಟು ಹಳೇದಾದರೆ ಎಕ್ಸ್‌ಪೈರಿ ಡೇಟ್ ಮುಗಿದಿರಬೇಕಲ್ಲ ಅಂದರು. ಇನ್ನೊಬ್ಬರು, ಬಿಲ್ಡರು ಫ್ರೆಶ್ ವಾಟರ್ ಅಂತ ಬರೆದುಕೊಟ್ಟಿದ್ದಾನೆ, ಅವನ ಮೇಲೆ ಕೇಸು ಹಾಕೋಣ ಅಂದರು. ಅಲ್ಲಿಂದ ಮಾತು ಬಿಲ್ಡರ್ ಕಟ್ಟದ ಈಜುಕೊಳಕ್ಕೆ ಹೋಯಿತು, ಅಲ್ಲಿಂದ ನಾಯಿಗಳಿಗೆ. ಅಧ್ಯಕ್ಷರು, ವಯಸ್ಸಾದವರು, ಅವರು ಮಾತ್ರ ನನ್ನನ್ನು ಕರೆದು, ಈ ನೀರು ಮಳೆಯಾಗಿ ಬಿದ್ದಾಗ ಇಲ್ಲಿ ಏನಿತ್ತು ಅಂತ ಕೇಳಿದರು. ಅಪಾರ್ಟ್‌ಮೆಂಟೂ ಇರಲಿಲ್ಲ, ಲೇಔಟೂ ಇರಲಿಲ್ಲ, ಬೆಂಗಳೂರು ಅನ್ನೋದೇ ಇತ್ತೋ ಇಲ್ಲವೋ ಹೇಳೋದು ಕಷ್ಟ ಅಂದೆ. ಅವರು ಹೂಂ ಅಂದು ಮೀಟಿಂಗಿನ ಪುಸ್ತಕದಲ್ಲಿ ಅದನ್ನು ಬರೆದುಕೊಂಡರು.

ಸೋತು ಬಂದು ಮೇಡಂಗೆ ಹೇಳಿದೆ, ನನ್ನ ಕೈಲಾಗಲಿಲ್ಲ ಅಂತ.

ಮುಂದಿನ ತಿಂಗಳು ನೀರಿನ ಮಟ್ಟ ಅಳೆಯೋಕೆ ಹೋದರೆ, ಮೇಲೇರಿದೆ. ಅಳತೆ ತಪ್ಪಿರಬೇಕು ಅಂತ ಎರಡು ಸಲ ಟೇಪು ಬಿಟ್ಟೆ. ಏರಿರೋದು ನಿಜ. ಮೋಟಾರು ಓಡಿದ್ದು ಮೊದಲಿನ ಅರ್ಧದಷ್ಟೂ ಇಲ್ಲ, ಅದಕ್ಕೇ ಸುತ್ತಲ ಬಂಡೆಯಲ್ಲಿದ್ದ ಹಳೇ ನೀರು ಬಂದು ಸೇರಿಕೊಂಡಿದೆ. ಕಾವಲಿನವರನ್ನು ಕೇಳಿದೆ. ಅವರು ಲಿಫ್ಟಿನ ಒಳಗೆ ಅಂಟಿಸಿದ ನೋಟಿಸು ತೋರಿಸಿದರು. ಅಧ್ಯಕ್ಷರ ಸಹಿ ಇತ್ತು. "ನಮ್ಮ ಬೋರ್‌ವೆಲ್ ನೀರು ಅತಿ ಪುರಾತನವಾದದ್ದೆಂದು ವಿಜ್ಞಾನಿಗಳು ದೃಢಪಡಿಸಿದ್ದಾರೆ. ಇದರಲ್ಲಿ ಕಾರು, ನಾಯಿ, ಮ್ಯಾಟ್ ತೊಳೆಯಬಾರದು. ಪೂಜೆಗೆ ಬೇಕಾದವರು ಒಂದು ಚೊಂಬಿನಷ್ಟು ಮಾತ್ರ ಪಡೆಯಬಹುದು."

ಕಾರು ತೊಳೆಯುವ ಜಾಗದಲ್ಲಿದ್ದ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಹೂವು ಸಿಕ್ಕಿಸಿದ್ದರು. ಈಗ ಇದನ್ನು ಯಾರೂ ಮುಟ್ಟೋದೇ ಇಲ್ಲವಾ ಅಂತ ಕೇಳಿದೆ.

"ಎಲ್ಲಿ ಮುಟ್ತಾರೆ ಮೇಡಂ," ಅಂದರು ಕಾವಲಿನವರು. "ಮೊನ್ನೆ ವಾಷರ್ ಹಾಕೋಕೆ ಬಂದ ಪ್ಲಂಬರ್‌ಗೆ ಚಪ್ಪಲಿ ಬಿಟ್ಟು ಬಾ ಅಂದ್ರು."

ಹಸಿರು ಭಾನುವಾರ

ಇಷ್ಟು ವರ್ಷದ ಕೆಲಸದಲ್ಲಿ ನಾನು ನೆನೆಸಿಕೊಂಡು ಎದೆಯುಬ್ಬಿಸುವ ದಿನ ಅಂದರೆ ಜರಗನಹಳ್ಳಿಯದ್ದು.

ಅಲ್ಲಿ ಒಂದು ತೆರೆದ ಬಾವಿ ಇದೆ. ಹಿಂದೆ ಜಮೀನಿದ್ದ ಮನೆತನದ ಒಬ್ಬ ಅಮ್ಮನದು. ಅವರ ಮನೆ, ಹಿತ್ತಲಲ್ಲಿ ಬಾಡಿಗೆಗೆ ಕೊಟ್ಟ ಎಂಟು ಮನೆ, ಒಂಬತ್ತೂ ಮನೆಯ ಬಳಕೆಗೆ ಆ ಬಾವಿಯೇ. ಕಾಂಪೌಂಡಿನ ಆಚೆ ಹೊಸ ಅಪಾರ್ಟ್‌ಮೆಂಟು. ಅದರ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಕಡೆ ಪಾದ ಮುಳುಗುವಷ್ಟು ನೀರು. ಪಂಪು ಹಾಕಿ ಬೆಳಗ್ಗೆ ಖಾಲಿ ಮಾಡಿದರೆ ಸಂಜೆಗೆ ಮತ್ತೆ ಅಷ್ಟೇ. ಅಲ್ಲಿನ ಸೆಕ್ರೆಟರಿ ಮನೆಮನೆ ಹತ್ತಿ ಎಲ್ಲರ ಸಹಿ ಹಾಕಿಸಿ ಪಾಲಿಕೆಗೆ ಅರ್ಜಿ ಕೊಟ್ಟಿದ್ದರು: ಇದು ಪಕ್ಕದ ಬಾವಿಯಿಂದ ಜಿನುಗುವ ನೀರು, ಬಾವಿಗೆ ಮಣ್ಣು ತುಂಬಿಸಬೇಕು. ಬೇರೆ ಕಾರಣ ತೋರಿಸಲು ಅಮ್ಮನಿಗೆ ಒಂದು ತಿಂಗಳು ಗಡುವು ಸಿಕ್ಕಿತ್ತು.

ಅಮ್ಮ ನಮ್ಮ ಪ್ರಯೋಗಾಲಯಕ್ಕೆ ತಾವೇ ಬಂದರು. ನೀರು ನೋಡಿ ಯಾರ ಮನೇದು ಅಂತ ಹೇಳ್ತೀರಂತೆ, ನಂದು ಹೌದೋ ಅಲ್ವೋ ನೋಡಿ ಹೇಳಿ, ನಂದೇ ಆದ್ರೆ ನಾನೇ ನಿಂತು ಮುಚ್ಚಿಸ್ತೀನಿ ಅಂದರು.

ಬಾವಿಯದ್ದು, ನೆಲಮಾಳಿಗೆಯದ್ದು, ಅಪಾರ್ಟ್‌ಮೆಂಟಿನ ನಲ್ಲಿಯದ್ದು, ಅಲ್ಲಿನ ಬೋರಿನದ್ದು ಎಲ್ಲ ತುಂಬಿ ತಂದೆ. ಫಲಿತಾಂಶ ಬಂದಾಗ ಮೇಡಂ ಮುಖದಲ್ಲಿ ನಗು ನೋಡಿದ್ದು ಅದೇ ಮೊದಲು. ಬಾವಿಯ ನೀರು ಬಹುಪಾಲು ಊರಿನದೇ ಮಳೆ. ನೆಲಮಾಳಿಗೆಯ ನೀರು ಅಪ್ಪಟ ಕಾವೇರಿ, ಅವರ ನಲ್ಲಿ ನೀರಿಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅಂದರೆ ಸೋರುತ್ತಿರೋದು ನೆಲದಡಿ ಕಾವೇರಿ ನೀರು ತುಂಬಿಡುವ ಅವರದೇ ಸಂಪು.

ಸೆಕ್ರೆಟರಿ ಒಪ್ಪಲಿಲ್ಲ. ಅವರು ರಿಟೈರ್ಡ್ ಇಂಜಿನಿಯರ್. ಆ ಸಂಪಿನ ಕಾಂಕ್ರೀಟು ಹಾಕುವಾಗ ಬಿಲ್ಡರ್ ಜೊತೆ ಹಗಲೆಲ್ಲ ನಿಂತು ನೋಡಿದವರು. ಹಗುರ ನೀರು, ತೂಕದ ನೀರು ಎಲ್ಲ ಪುಸ್ತಕದಲ್ಲಿ ಚೆನ್ನಾಗಿರುತ್ತೆ ಅಂತ ಮೇಡಂಗೇ ಹೇಳಿದರು. "ಕಣ್ಣಿಗೆ ಕಾಣೋ ಹಾಗೆ ತೋರಿಸಿ. ಆಗ ಒಪ್ತೀನಿ."

ಮೇಡಂ ಆಗಲಿ ಅಂದರು.

ಗಡುವಿಗೆ ಇನ್ನು ಐದೇ ದಿನ. ಭಾನುವಾರ ಬೆಳಗ್ಗೆ ಸಂಪಿನ ಮೋಟಾರು ಬಂದ್ ಮಾಡಿಸಿ, ನೆಲಮಾಳಿಗೆ ಪೂರ್ತಿ ಒಣಗಿಸಿ, ಸಂಪಿಗೆ ಬಣ್ಣ ಹಾಕಿದೆವು. ನೀರಿನ ದಾರಿ ಹುಡುಕಲೆಂದೇ ಇರುವ ಬಣ್ಣ ಅದು. ಒಂದು ಚಮಚ ಸಾಕು, ಸಂಪಿಗೆ ಸಂಪೇ ಗಿಳಿಹಸಿರಾಗಿ ಹೊಳೆಯುತ್ತದೆ. ಯಾರಿಗೂ ತೊಂದರೆ ಇಲ್ಲ, ಆಮೇಲೆ ಸಂಪು ತೊಳೆದರಾಯಿತು. ನಲವತ್ತು ಮನೆಯವರು ಕುರ್ಚಿ ತಂದು ನೆಲಮಾಳಿಗೆಯಲ್ಲಿ ಮದುವೆಮನೆಯ ಹಾಗೆ ಕೂತರು. ಕಾಂಪೌಂಡಿನ ಆಚೆ ಬಾವಿಕಟ್ಟೆ ಹತ್ತಿರ ಅಮ್ಮ, ಬಾಡಿಗೆಯವರು, ಹಗ್ಗ, ಬಕೆಟು.

ಅರ್ಧ ಗಂಟೆ ಆಯಿತು. ಏನೂ ಇಲ್ಲ. ಒಂದು ಗಂಟೆ. ಗೋಡೆ ಬೂದಿಬಣ್ಣದ್ದೇ. ಸೆಕ್ರೆಟರಿ ಹುರುಪಾದರು. ಎಲ್ಲರಿಗೂ ಕಾಫಿ ತರಿಸಿದರು. ನಮ್ಮ ಸಂಪಿನ ಕಾಂಕ್ರೀಟು ಎಂಥದ್ದು ಅಂತ ವಿವರಿಸತೊಡಗಿದರು. ನನಗೋ ಬಾಟಲಿ ಅದಲುಬದಲಾಗಿದ್ದರೆ ಅಂತ ಯೋಚನೆ ಬಂತು, ಒಂಬತ್ತು ಮನೆಯ ಬಾವಿ ನನ್ನಿಂದ ಹೋಗುತ್ತದೆ ಅನ್ನಿಸಿತು. ಮೇಡಂ ಮಾತ್ರ ಕಾಫಿ ಕುಡಿಯುತ್ತ ಗೋಡೆ ನೋಡುತ್ತಾ ಕೂತಿದ್ದರು.

ಆಮೇಲೆ ಒಂದು ಮೂಲೆಯಲ್ಲಿ, ಸೆಕ್ರೆಟರಿಯ ಕಾರಿನ ಹಿಂದೆಯೇ, ಗೋಡೆ ಮೇಲೆ ಬೆರಳಿನಷ್ಟು ಉದ್ದ ಹಸಿರು ಗೆರೆ ಕಾಣಿಸಿತು. ನೋಡನೋಡುತ್ತ ಅದು ಗೋಡೆ ಇಳಿದು ನೆಲಕ್ಕೆ ಬಂತು. ಅಲ್ಲಿಂದ ಹರಡಿ ಕಾರಿನ ಹಿಂದಿನ ಟೈರು ಸುತ್ತುವರಿಯಿತು. ಟ್ಯೂಬ್‌ಲೈಟಿನ ಬೆಳಕಿಗೆ ಫಳಫಳ ಅಂತಿತ್ತು. ಎಲ್ಲ ಕುರ್ಚಿಯಿಂದ ಎದ್ದರು. ಸೆಕ್ರೆಟರಿ ಮಂಡಿಯೂರಿ ಕೂತು, ಬೆರಳು ಅದ್ದಿ, ಬೆರಳನ್ನು ಬಹಳ ಹೊತ್ತು ನೋಡಿದರು.

"ಪಾಚಿ ಇರಬಹುದಾ?" ಅಂದರು, ತೀರಾ ಸಣ್ಣ ದನಿಯಲ್ಲಿ.

ಅವರ ಹೆಂಡತಿಯೇ ಮೊದಲು ನಕ್ಕಿದ್ದು. ಅಷ್ಟರಲ್ಲಿ ಆಚೆಯಿಂದ ಅಮ್ಮ ಬಾವಿಗೆ ಬಕೆಟು ಬಿಟ್ಟು ಸೇದಿದರು. ಕಾಂಪೌಂಡಿನ ಮೇಲೆ ಎತ್ತಿಟ್ಟರು. ನಾವೆಲ್ಲ ಮೇಲೆ ಹೋಗಿ ನೋಡಿದೆವು. ಬಕೆಟಿನ ತಳ ಕಾಣುವಷ್ಟು ತಿಳಿನೀರು. ಅರ್ಜಿಗೆ ಸಹಿ ಹಾಕಿದವರೇ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು. ಮೇಡಂ, ಬಾವಿ ಇರಲಿ ಅಂತ ಅಷ್ಟೇ ಹೇಳಿ ಬ್ಯಾಗು ಎತ್ತಿಕೊಂಡರು. ಸೆಕ್ರೆಟರಿ ದೊಡ್ಡ ಮನುಷ್ಯರು ಅನ್ನಬೇಕು, ಮರುದಿನವೇ ಅರ್ಜಿ ವಾಪಸು ತೆಗೆದುಕೊಂಡು, ಸಂಪಿನ ಬಿರುಕನ್ನು ಎದುರಿಗೆ ನಿಂತು ಮುಚ್ಚಿಸಿದರು.

ಇಲ್ಲಿಗೆ ಮುಗಿಯಬೇಕಿತ್ತು. ಮೂರು ವಾರ ಕಳೆದು ಅಮ್ಮ ಫೋನು ಮಾಡಿದರು, ಬಾವಿ ನೀರು ನಾಲ್ಕು ಮೆಟ್ಟಿಲು ಇಳಿದಿದೆ ಅಂತ. ಮೇಡಂ ರಿಪೋರ್ಟಿನಲ್ಲಿ ಇದನ್ನೂ ಬರೆದಿದ್ದರು, ಯಾರೂ ಓದಿರಲಿಲ್ಲ. ಬಾವಿಯಲ್ಲಿ ಬಹುಪಾಲು ಮಳೆಯಾದರೂ ಒಂದು ಪಾಲು ಕಾವೇರಿಯೂ ಇತ್ತು. ಸೋರುವ ಸಂಪು ಅಮ್ಮನ ಬಾವಿಗೂ ನಿಧಾನಕ್ಕೆ ಕೊಡುತ್ತಿತ್ತು, ಆ ಭಾನುವಾರದ ಒಂದೆರಡು ಗಂಟೆಯಲ್ಲಿ ಬಣ್ಣ ಅಷ್ಟು ದೂರ ಮುಟ್ಟಿರಲಿಲ್ಲ ಅಷ್ಟೆ.

ಮೇಡಮ್ಮೂ ನಾನೂ ಹೋಗಿ ಇದನ್ನು ತಿಳಿಸಿದ್ದೇ ತಡ, ಅಮ್ಮ ನಮ್ಮನ್ನೂ ಕರೆದುಕೊಂಡು ಸೀದಾ ಅಪಾರ್ಟ್‌ಮೆಂಟಿಗೆ ನಡೆದು ಸೆಕ್ರೆಟರಿಯನ್ನು ಗೇಟಿಗೆ ಕರೆಸಿದರು. ನೀವು ಬಿರುಕು ಮುಚ್ಚಿದ್ದು ಸಂತೋಷ, ಆದ್ರೆ ಅಷ್ಟು ಗಟ್ಟಿಯಾಗಿ ಮುಚ್ಚೋ ಅಗತ್ಯ ಏನಿತ್ತು ಅಂತ ಕೇಳಿದರು. ಸೆಕ್ರೆಟರಿ ತಿರುಗಿ ಮೇಡಂ ಕಡೆ ನೋಡಿದರು. ಮೇಡಂ ಕೈ ಎತ್ತಿ ಅಪಾರ್ಟ್‌ಮೆಂಟಿನ ತಾರಸಿ ತೋರಿಸಿದರು. ಅಷ್ಟು ದೊಡ್ಡ ತಾರಸಿಯ ಮಳೆಯೆಲ್ಲ ರಸ್ತೆಯ ಚರಂಡಿಗೆ ಹೋಗುತ್ತಿತ್ತು. ಅದನ್ನು ಕಾಂಪೌಂಡಿನ ಪಕ್ಕ ಒಂದು ಗುಂಡಿ ತೋಡಿ, ಕಲ್ಲು ಮರಳು ತುಂಬಿ ಇಂಗಿಸಿದರೆ ಬಾವಿಯೂ ಏರುತ್ತೆ, ನಿಮ್ಮ ಬೋರೂ ಏರುತ್ತೆ ಅಂದರು. ನೆಲಮಾಳಿಗೆಯಿಂದ ದೂರಕ್ಕೆ, ಅಮ್ಮನ ಬಾವಿ ಕಡೆಯ ತುದಿಯಲ್ಲಿ ಜಾಗವನ್ನೂ ಗುರುತು ಮಾಡಿಕೊಟ್ಟರು. ಸೆಕ್ರೆಟರಿಗೆ ಹೊಸ ಕೆಲಸ ಸಿಕ್ಕಿತು. ಮರಳು ಜರಡಿ ಹಿಡಿಯುವವರೆಗೆ ಎಲ್ಲದಕ್ಕೂ ತಾವೇ ನಿಂತರು.

ನಾಲ್ಕು ದೊಡ್ಡ ಮಳೆ ಆಯಿತು. ಬಾವಿ ಏಳು ಮೆಟ್ಟಿಲು ಏರಿತು. ನಾನು ಮತ್ತೆ ಬಾಟಲಿ ತುಂಬಿ ತಂದು ನೋಡಿಸಿದೆ. ಕಾವೇರಿಯ ಸುಳಿವಿಲ್ಲ, ಎಲ್ಲ ಹೊಸ ಮಳೆ. ಈ ಖುಷಿಯನ್ನು ನಾನೇ ಮೊದಲು ಹೇಳಬೇಕು ಅಂತ ಅಮ್ಮನಿಗೆ ಫೋನು ಮಾಡಿದೆ. ನಿಮ್ಮ ಬಾವಿಗೆ ಈಗ ಬರ್ತಿರೋದು ಪೂರ್ತಿ ಪಕ್ಕದವರ ತಾರಸಿ ನೀರು ಅಂದೆ.

"ಗೊತ್ತು ಕಣಮ್ಮ," ಅಂದರು ಅಮ್ಮ. ದನಿಯಲ್ಲಿ ಖುಷಿಗಿಂತ ದಣಿವೇ ಜಾಸ್ತಿ ಇತ್ತು. "ಸೆಕ್ರೆಟ್ರಿ ದಿನಾ ಬೆಳಗ್ಗೆ ಬಂದು ಬಾವಿ ಬಗ್ಗಿ ನೋಡಿ, ನಮ್ಮ ನೀರು ಚೆನ್ನಾಗಿದೆಯಾ ಅಂತ ವಿಚಾರಿಸ್ತಾರೆ. ಹೆಣ್ಣು ಕೊಟ್ಟ ಮನೆಗೆ ಬಂದಂಗೆ ಬರ್ತಾರೆ, ಕಾಫಿ ತಿಂಡಿ ಕೊಡ್ದೆ ಕಳ್ಸೋಕಾಯ್ತದಾ. ಒಂದೊಂದು ದಿನ ಹೆಂಡ್ತಿನೂ ಕರ್ಕೊಂಡು ಬರ್ತಾರೆ. ಆ ನೀರು ಇನ್ಮೇಲೆ ನಮ್ಮನೇದೇ ಅಂತ ನಿಮ್ಮ ಮಿಷನ್ ಕೈಲಿ ಒಂದು ಕಾಗ್ದ ಕೊಡ್ಸಮ್ಮ, ಪುಣ್ಯ ಬರ್ತದೆ."